ಬಾಯಿಬಿಟ್ಟು ಹೇಳಲಾಗದ ಪಾಸ್‌ವರ್ಡ್

ನಾನು ಕಂಪ್ಯೂಟರ್ ಕೋಣೆಯ ಬೀಗ ತೆಗೆದ ದಿನವೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಸಿಟ್ಟು ಬಂದ ಮೇಲೆ ನಗುವೂ ಬರುತ್ತದೆ. ಅಷ್ಟೇ ಸುಧಾರಣೆ.

ಕೋಣೆ ಇರುವುದು ಕಾಮಗೆರೆಯಿಂದ ಹನೂರಿಗೆ ಹೋಗುವ ದಾರಿಯಲ್ಲಿ, ನಿಲ್ಲಿಸಬೇಕೋ ಬೇಡವೋ ಎಂದು ಬಸ್ಸಿನವನು ಯೋಚಿಸುವಂಥ ನಮ್ಮೂರಿನಲ್ಲಿ. ಹೆಂಗಸರಿಗೆ ಕಂಪ್ಯೂಟರ್ ಕಲಿಸಲೆಂದು ಒಂದು ಯೋಜನೆಯವರು ಮಾಡಿಕೊಟ್ಟದ್ದು. ಬಾಗಿಲ ಮೇಲೆ ಬೋರ್ಡಿದೆ. ಅದರಲ್ಲಿ ತರಬೇತುದಾರರ ಹೆಸರಿದೆ. ಅದೇನೆಂದು ಕೊನೆಗೆ ಹೇಳುತ್ತೇನೆ, ಸದ್ಯಕ್ಕೆ ಸಾರ್ ಎಂದರೆ ಸಾಕು. ನನ್ನ ಹೆಸರು ಬೋರ್ಡಿನಲ್ಲಿಲ್ಲ. ಕಾಗದದ ಪ್ರಕಾರ ನಾನು ಬೀಗ ತೆಗೆದು, ಕಸ ಗುಡಿಸಿ, ಬೀಗ ಹಾಕುವವಳು. ಉದ್ಘಾಟನೆಯ ದಿನ ಬಂದು ಫೋಟೋ ತೆಗೆಸಿಕೊಂಡು ಹೋದ ಸಾರ್ ಆಮೇಲೆ ಫೋನಿನಲ್ಲಷ್ಟೇ ಸಿಗುತ್ತಿದ್ದರು. ಪಾಠ ಹೇಳುವವಳು ನಾನು.

ಶಾಲೆಯನ್ನು ನಾನು ನೋಡಿದ್ದು ಹೊರಗಿನಿಂದ. ಅಕ್ಷರ ಕಲಿತದ್ದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರುತ್ತ, ಬಸ್ಸುಗಳ ಬೋರ್ಡು ನೋಡಿ ನೋಡಿ. ‘ಯಳಂದೂರು’ ಎಂದು ಮೊದಲ ಸಲ ಓದಿದ ದಿನ ಆ ಊರನ್ನೇ ಕೊಂಡುಕೊಂಡಷ್ಟು ಜಂಬ ಬಂದಿತ್ತು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕಂಪ್ಯೂಟರನ್ನೂ ಹಾಗೆಯೇ, ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕಲಿತೆ. ಯಾರ ಕಾಲೂ ಹಿಡಿಯಲಿಲ್ಲ.

ಮೇಲಿನವರು ಆಗಾಗ ಹೆದರಿಸುತ್ತಿರುತ್ತಾರೆ. ಇಲ್ಲಿ ಯಾರೂ ಏನೂ ಕಲಿಯುತ್ತಿಲ್ಲವೆಂದು ಕಂಡರೆ ಯಂತ್ರಗಳನ್ನೆಲ್ಲ ಕೊಳ್ಳೇಗಾಲಕ್ಕೆ ಸಾಗಿಸುತ್ತಾರಂತೆ. ಈ ಕೋಣೆ ಮುಚ್ಚಿದರೆ ನನಗೆ ಇನ್ನೊಂದು ಕಡೆ ಪೊರಕೆ ಸಿಗುತ್ತದೆ. ಈ ಹೆಂಗಸರಿಗೆ ಇನ್ನೊಂದು ಕೋಣೆ ಸಿಗುವುದಿಲ್ಲ.

ಸಾರ್ ಬರಲಿ

ಮಾರ್ಟಳ್ಳಿ ಕಡೆಯ ಒಬ್ಬ ಮುದುಕ ಬೆಳಗಿನ ಬಸ್ಸಿಗೇ ಬಂದ. ಕೈಯಲ್ಲಿ ಹೊಸ ಫೋನು. ಹಸು ಕರು ಹಾಕಿದೆ, ಅದರ ಫೋಟೋವನ್ನು ಹೊನ್ನೂರಿಗೆ ಮದುವೆಯಾಗಿ ಹೋಗಿರುವ ಮಗಳಿಗೆ ಕಳಿಸಬೇಕು, ಹೇಗೆಂದು ಗೊತ್ತಿಲ್ಲ.

“ಸಾರ್ ಇಲ್ವಾ ಅಮ್ಮಾ?”

“ಇಲ್ಲ. ನಾನಿದೀನಿ, ಕೊಡಿ ಇಲ್ಲಿ.”

“ಪರವಾಯಿಲ್ಲೆ, ಪರವಾಯಿಲ್ಲೆ. ಸಾರ್ ಬರ್ಲಿ,” ಎಂದು ಜಗಲಿಯ ಮೇಲೆ ಕೂತ.

ಒಳಗೆ ನಾನು ಹೆಂಗಸರಿಗೆ ಅದೇ ಫೋಟೋ ಕಳಿಸುವ ಪಾಠವನ್ನೇ ಹೇಳುತ್ತಿದ್ದೆ. ಅವನು ಕಿಟಕಿಯಲ್ಲಿ ಇಣುಕಿ ಎಲ್ಲವನ್ನೂ ಕೇಳಿದ, ತಲೆಯನ್ನೂ ಆಡಿಸಿದ. “ಒಳಕ್ಕೆ ಬನ್ನಿ ಯಜಮಾನ್ರೇ” ಎಂದರೆ, “ಬ್ಯಾಡಮ್ಮಾ, ಸಾರ್ ಬಂದ್ಮೇಲೆ ಸರಿಯಾಗಿ ಕಲ್ತ್ಕತೀನಿ” ಎಂದ.

ಸಂಜೆಯ ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿತು. ಮುದುಕ ಗಾಬರಿಯಾಗಿ ಎದ್ದು, ಫೋನನ್ನು ನನ್ನ ಕೈಗೆ ತುರುಕಿದ. ಬಸ್ಸು ಬಂದು ನಿಲ್ಲುವುದರೊಳಗೆ ಕರು ಹೊನ್ನೂರು ಸೇರಿತು. ಮಗಳು ಆ ಕಡೆಯಿಂದ ನಗುವ ಬೊಂಬೆಯನ್ನೂ ಕಳಿಸಿದಳು. ಮುದುಕನ ಕಣ್ಣು ತುಂಬಿಬಂತು. ಬಸ್ಸಿನ ಮೆಟ್ಟಿಲು ಹತ್ತಿ, ತಿರುಗಿ ನನಗೆ ಕೈ ಮುಗಿದ.

“ಅಮ್ಮಾ, ಸಾರ್ ಬಂದ್ರೆ ಬೋ ಉಪಕಾರ ಆಯ್ತು ಅಂದ ಅಂತ ಯೋಳು.”

ಗೋಣಿತಾಟು

ನಮ್ಮ ತರಗತಿಯ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತೇವೆ. ಜೀವಮಾನವಿಡೀ ರೇಷ್ಮೆ ಹುಳ ಸಾಕಿದವಳು. ಹುಳುಮನೆಯ ಶಿಸ್ತು ಅವಳ ಮೈಯಲ್ಲೇ ಇದೆ. ಕಾಲು ತೊಳೆಯದೆ ಕಂಪ್ಯೂಟರ್ ಕೋಣೆಗೆ ಕಾಲಿಡುವುದಿಲ್ಲ, ಬೇರೆಯವರನ್ನೂ ಬಿಡುವುದಿಲ್ಲ. ಒಳಗೆ ಯಾರಾದರೂ ಜೋರಾಗಿ ಮಾತಾಡಿದರೆ, “ಮೆತ್ತಗೆ ಕಣ್ರೇ, ಬೆಚ್ಕತವೆ” ಎನ್ನುತ್ತಾಳೆ.

ಒಂದು ಬೇಸಿಗೆಯಲ್ಲಿ ನಾನು ಪಾಠದ ನಡುವೆ, “ಈ ಪೆಟ್ಟಿಗೆ ಬಿಸಿಯಾಗಬಾರದು, ಬಿಸಿಯಾದರೆ ಹಾಳಾಗುತ್ತದೆ” ಎಂದೆ. ಅಷ್ಟೇ ಹೇಳಿದ್ದು. ಮಾರನೆಯ ದಿನ ನೀರು ಕುಡಿಯಲೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ದೊಡ್ಡವ್ವ, ಬಿಸಿಲಿನಲ್ಲಿ ಹುಳುಮನೆಗೆ ಮಾಡುವ ಹಾಗೆ, ಗೋಣಿತಾಟನ್ನು ನೀರಿನಲ್ಲಿ ಅದ್ದಿ ತಂದಿದ್ದಳು. ಹುಳುಮನೆಯಲ್ಲಾದರೆ ಅದನ್ನು ಕಿಟಕಿಗೆ ಕಟ್ಟುತ್ತಾರೆ. ಇವಳು ಪ್ರೀತಿ ಜಾಸ್ತಿಯಾಗಿ ನೇರವಾಗಿ ಪೆಟ್ಟಿಗೆಗೇ ಹೊದಿಸಿದಳು. ಟಪ್ಪೆಂದು ಸದ್ದಾಯಿತು. ಇಡೀ ಕೋಣೆಯ ಕರೆಂಟು ಹೋಯಿತು.

ದೊಡ್ಡವ್ವನಿಗೆ ಏನೂ ಆಗಲಿಲ್ಲ, ಪುಣ್ಯ. ಸಾರ್‌ಗೆ ಫೋನ್ ಮಾಡಿದೆ.

“ಕೆಟ್ಟೋಗಿದ್ರೆ ನಿಂದೇ ಜವಾಬ್ದಾರಿ ಕಣಮ್ಮ,” ಎಂದರು.

ಪೆಟ್ಟಿಗೆ ಬಿಚ್ಚಿ, ಪುಸ್ತಕ ನೋಡಿಕೊಂಡು, ಒಂದೊಂದನ್ನೂ ಒರೆಸಿ ಒಣಗಿಸಿ ಮತ್ತೆ ಜೋಡಿಸಿದೆ. ಮೂರನೆಯ ದಿನ ಪರದೆ ಮತ್ತೆ ಬೆಳಗಿತು. ಮತ್ತೆ ಫೋನ್ ಮಾಡಿ ಹೇಳಿದೆ.

“ನೋಡ್ದಾ, ನಮ್ ಸೆಂಟರ್ ಮಿಷನ್ನು ಅಂದ್ರೆ ಅಂಗಿರ್ತವೆ,” ಎಂದರು.

ಕೆಟ್ಟಾಗ ನನ್ನದು, ಸರಿಹೋದಾಗ ನಮ್ಮದು. ದೊಡ್ಡವ್ವನಿಗೆ ಮಾತ್ರ ಯಂತ್ರದ ಮೇಲಿದ್ದ ಗೌರವವೆಲ್ಲ ಹೊರಟುಹೋಯಿತು. “ಇಷ್ಟ್ ದೊಡ್ಡ ಪೆಟ್ಗೆ, ಒಂದ್ ಒದ್ದೆ ಬಟ್ಟೆ ತಡ್ಕಳಕ್ಕಾಗ್ಲಿಲ್ವಲ್ಲ! ನಮ್ ಹುಳಾನೇ ವಾಸಿ ಬುಡು.”

ಮಾನವಂತ ಯಂತ್ರ

ಪಾಸ್‌ವರ್ಡಿನ ಪಾಠದ ದಿನ ನಾನು ಹೇಳಿದ್ದು ಎರಡೇ ಮಾತು. “ಯಾವತ್ತೂ ಮರೆಯದಂಥ ಒಂದು ಮಾತನ್ನು ಆರಿಸಿಕೊಳ್ಳಿ. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಬೇಡಿ.”

ಕೋಣೆಯಲ್ಲಿ ಕಿಸಕ್ಕೆಂದು ನಗು ಎದ್ದಿತು. ಮರೆಯಲಾಗದ್ದು, ಬಾಯಲ್ಲಿ ಹೇಳಬಾರದ್ದು. ಇವರಿಗೆ ಅಂಥದು ಲೋಕದಲ್ಲಿ ಒಂದೇ: ಗಂಡನ ಹೆಸರು.

ಆದರೆ ಹೆಸರನ್ನು ಬೆರಳಿನಲ್ಲಿ ಒತ್ತಿದರೆ ಬಾಯಲ್ಲಿ ಹೇಳಿದ ಹಾಗಾಗುವುದಿಲ್ಲವೇ ಎಂದು ಒಬ್ಬಳಿಗೆ ಅನುಮಾನ. ದೊಡ್ಡವ್ವ ತೀರ್ಪು ಕೊಟ್ಟಳು: “ಪಾಪ ಇರಾದು ನಾಲ್ಗೇಲಿ ಕಣೇ, ಬೆಳ್ಳಲ್ಲಲ್ಲ.” ತಾನೇ ಮೊದಲು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಪರದೆಯ ಮೇಲೆ ಅಕ್ಷರಗಳ ಬದಲು ಸಾಲಾಗಿ ಚುಕ್ಕಿಗಳು ಬಂದವು. ದೊಡ್ಡವ್ವ ಬೆರಗಾದಳು. “ನೋಡ್ರೇ! ಇದ್ಕೂ ಗೊತ್ತು. ಎಸ್ರು ಕಾಣ್ದಂಗೆ ಸೆರಗು ಮುಚ್ತದೆ. ಮಾನವಂತ ಮಿಷನ್ನು.”

ಒಂದು ವಾರ ಚೆನ್ನಾಗಿ ನಡೆಯಿತು. ಒಂದು ದಿನ ಅಂಗನವಾಡಿ ಪಕ್ಕದ ಮನೆಯವಳು ಗೊತ್ತಿಲ್ಲದೆ ಹಿಟ್ಟಿನ ಗಿರಣಿಯವಳ ಕಂಪ್ಯೂಟರಿನ ಮುಂದೆ ಕೂತು ತನ್ನ ಪಾಸ್‌ವರ್ಡ್ ಒತ್ತಿದಳು. ಅದು ತೆರೆದುಕೊಂಡಿತು. ಗಿರಣಿಯವಳು ಎದ್ದು ನಿಂತಳು.

“ಏನೇ, ನನ್ ಗಂಡನ್ ಎಸ್ರು ನಿನ್ ಬೆಳ್ಳಲ್ಲಿ ಎಂಗೇ ಬಂತು?”

“ನಿನ್ ಗಂಡ ಯಾವೋಳ್ಗೆ ಬೇಕಾಗವ್ನೆ? ನಾ ಒತ್ತಿದ್ದು ನನ್ ಗಂಡನ್ನ!”

ಬೆಟ್ಟದ ಮಾದಪ್ಪನ ಸೀಮೆಯಿದು, ಮನೆಮನೆಯಲ್ಲೂ ಗಂಡುಮಗುವಿಗೆ ಅವನದೇ ಹೆಸರು. ಇಲ್ಲಿ ಕಲ್ಲೆಸೆದರೆ ಬೀಳುವುದು ಯಾವನೋ ಒಬ್ಬ ಮಾದೇಶನ ತಲೆಯ ಮೇಲೇ. ಒಂದೊಂದಾಗಿ ನೋಡಿದರೆ ಅಷ್ಟೂ ಕಂಪ್ಯೂಟರಿಗೆ ಒಬ್ಬನೇ ಗಂಡ.

ಬದಲಾಯಿಸಿ ಎಂದೆ. ಯಾರೂ ಒಪ್ಪಲಿಲ್ಲ. “ಕಟ್ಕೊಂಡೋನ್ನೇ ಬದಲಾಯ್ಸಕ್ಕಾಗ್ಲಿಲ್ಲ, ಇದ್ನ ಬದಲಾಯ್ಸಾದಾ?” ಎಂದಳು ದೊಡ್ಡವ್ವ.

ನನ್ನನ್ನು ಬಿಟ್ಟುಹೋದವನೂ ಒಬ್ಬ ಮಾದೇಶನೇ. ಆದರೆ ನನಗೆ ಆ ಹೆಸರು ಹೇಳಲು ಯಾವ ತೊಂದರೆಯೂ ಇಲ್ಲ. ಬೈಯುವಾಗೆಲ್ಲ ಹೇಳುತ್ತೇನೆ.

ತಪಾಸಣೆ

ಕಡೆಗೂ ಮೇಲಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಯಂತ್ರ ಸಾಗಿಸುವ ತೀರ್ಮಾನ ಆದರೆ ಇರಲೆಂದು ಜೊತೆಗೆ ಒಂದು ಖಾಲಿ ಟೆಂಪೊ ಕೂಡ ಬಂದಿತ್ತು. ಅವರಿಗಿಂತ ಸ್ವಲ್ಪ ಮುಂಚೆ ಸಾರ್ ಬಂದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ.

“ಯಾರೂ ಏನೂ ಮುಟ್ಟಬೇಡಿ. ಕೈ ಮಡಿಲಲ್ಲಿ ಇಟ್ಕೊಂಡು ಕೂತಿರಿ. ಎಲ್ಲಾ ನಾನೇ ತೋರಿಸ್ತೀನಿ,” ಎಂದು ಹೆಂಗಸರಿಗೆ ಹೇಳಿದರು. ನನಗೆ, “ನೀನು ಪೊರಕೆ ತಗೊಂಡು ಆಚೆ ಇರಮ್ಮ” ಎಂದರು. ಆಚೆ ನಿಂತೆ.

ಅಧಿಕಾರಿ ಬಂದು ಕೂತರು. “ಎಲ್ಲಿ, ಏನು ಕಲಿಸಿದ್ದೀರಿ ತೋರಿಸಿ.”

ಸಾರ್ ಮೊದಲ ಕಂಪ್ಯೂಟರ್ ಹಾಕಿದರು. ಅದು ಪಾಸ್‌ವರ್ಡ್ ಕೇಳಿತು. ಎರಡನೆಯದೂ ಕೇಳಿತು. ಮೂರನೆಯದೂ ಕೇಳಿತು. ಸಾರ್ ಬೆವರಿದರು. “ಏನಮ್ಮ ಇದರ ಪಾಸ್‌ವರ್ಡು?” ಎಂದು ಗಿರಣಿಯವಳನ್ನು ಕೇಳಿದರು. ಅವಳು ಸೆರಗನ್ನು ಬಾಯಿಗಿಟ್ಟುಕೊಂಡಳು. ಪಕ್ಕದವಳನ್ನು ಕೇಳಿದರು. ಅವಳೂ ಸೆರಗು ಇಟ್ಟುಕೊಂಡಳು. ಬೇರೆಯವಳ ಗಂಡನ ಹೆಸರನ್ನಾದರೆ ಯಾರು ಬೇಕಾದರೂ ಹೇಳಬಹುದಿತ್ತು. ಆದರೆ ಎಲ್ಲರ ಗಂಡನದೂ ಒಂದೇ ಹೆಸರಾದ ಮೇಲೆ ಹೇಳುವವರು ಯಾರು? ಕೋಣೆ ತುಂಬ ಸೆರಗುಗಳೇ.

ಸಾರ್ ಬಾಗಿಲಿಗೆ ಬಂದು ಪಿಸುಗುಟ್ಟಿದರು. “ಅಕ್ಕಾ, ಪಾಸ್‌ವರ್ಡ್ ಹೇಳಕ್ಕಾ.” ನನ್ನನ್ನು ಅಕ್ಕ ಎಂದದ್ದು ಅದೇ ಮೊದಲು.

“ನಾನು ಗುಡ್ಸೋಳು ಸಾ. ನಂಗೇನು ಗೊತ್ತಾದದು?” ಎಂದೆ.

ಆ ಮಾತಿನಿಂದ ಬಾಯೆಲ್ಲ ಸಿಹಿಯಾಯಿತು. ಆದರೆ ಒಳಗೆ ಅಧಿಕಾರಿ ಎದ್ದು ನಿಂತು, “ಇಲ್ಲೇನೂ ನಡೀತಿಲ್ಲ. ಎಲ್ಲಾ ಟೆಂಪೊಗೆ ಹಾಕ್ಸಿ” ಎಂದರು. ದೊಡ್ಡವ್ವ ತಿರುಗಿ ನನ್ನ ಕಡೆ ನೋಡಿದಳು. ಕೈ ಇನ್ನೂ ಮಡಿಲಲ್ಲೇ ಇತ್ತು.

ಬಾಯಿ ಸಿಹಿ ಮಾಡಿಕೊಂಡು ನಾನು ಮನೆಗೆ ಹೋಗಬಹುದಿತ್ತು. ನಾನು ಹೇಳಿಕೊಟ್ಟರೆ ಹೆಸರು ಸಾರ್‌ಗೆ ಬರುತ್ತಿತ್ತು. ಸುಮ್ಮನಿದ್ದರೆ ಕೋಣೆ ಹೋಗುತ್ತಿತ್ತು. ಪೊರಕೆ ಕೆಳಗೆ ಹಾಕಿದೆ.

“ಏನ್ರೇ, ಗಂಟ್ಲು ಕಟ್ಟಿದ್ರೆ ಬೆಳ್ಳೂ ಕಟ್ಟದಾ? ಒತ್ರೇ!”

ಅಷ್ಟು ಕೈಗಳೂ ಒಟ್ಟಿಗೆ ಮೇಲೆದ್ದವು. ಅಷ್ಟು ಯಂತ್ರಗಳೂ ಒಟ್ಟಿಗೆ ತೆರೆದುಕೊಂಡವು. ಗಿರಣಿಯವಳು ನಮ್ಮೂರಿನಲ್ಲಿ ಬಸ್ ನಿಲ್ಲಿಸಿ ಎಂದು ಒಂದು ಅರ್ಜಿಯನ್ನೇ ಟೈಪ್ ಮಾಡಿ ತೋರಿಸಿದಳು. ಅಧಿಕಾರಿ ಮತ್ತೆ ಕೂತರು.

“ಪರವಾಗಿಲ್ವೇ! ಯಾರು ಕಲಿಸಿದ್ದು?”

“ನಾನೇ ಸಾರ್,” ಎಂದರು ನಮ್ಮ ಸಾರ್. ನಾಚಿಕೆಯೂ ಒಂದು ಕಲಿಯಬೇಕಾದ ವಿದ್ಯೆ.

ಅಧಿಕಾರಿಗೆ ಅನುಮಾನ ಬಂದಿರಬೇಕು. ದೊಡ್ಡವ್ವನನ್ನು ಕೇಳಿದರು. “ಇವರು ನಿಮಗೆ ಪಾಠ ಮಾಡ್ತಾರಾ? ಹಾಗಾದ್ರೆ ಇವರ ಹೆಸರೇನು ಹೇಳಮ್ಮ.”

ದೊಡ್ಡವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು.

“ಗೊತ್ತಿಲ್ವಾ?”

“ಗೊತ್ತದೆ ಸಾ. ಬಾಗ್ಲ ಮೇಲೇ ಬರ್ದದೆ. ಈಗ ಎಲ್ರೂ ಬೆಳ್ಳಲ್ಲಿ ಒತ್ತಿದ್ವಲ್ಲಾ ಬೀಗ, ಅದೇಯ.”

ಅಧಿಕಾರಿ ಹೊರಗೆ ಬಂದು ಬೋರ್ಡು ಓದಿದರು. ಒಳಗೆ ಹೋಗಿ ಸಾರ್ ಮುಖ ನೋಡಿದರು.

“ಏನ್ರೀ ಮಾದೇಶ್, ಎಲ್ಲಾ ಕಂಪ್ಯೂಟರಿಗೂ ನಿಮ್ಮ ಹೆಸರೇ ಇದೆ, ಊರಿನ ಹೆಂಗಸರಿಗೆಲ್ಲ ಗೊತ್ತಿದೆ, ನಿಮಗೊಬ್ಬರಿಗೆ ಗೊತ್ತಿಲ್ವಲ್ರೀ?”

ಟೆಂಪೊ ಖಾಲಿಯಾಗಿಯೇ ಹೋಯಿತು. ಅದರ ಹಿಂದೆಯೇ ಸಾರ್ ಕೂಡ ಹೋದರು. ಅಧಿಕಾರಿ ಹೋಗುವ ಮುನ್ನ ನನ್ನನ್ನು ಕರೆದು, “ನೀವೇ ಕಲಿಸಿದ್ದು ಅಂತ ಗೊತ್ತಾಯ್ತಮ್ಮ. ಎಷ್ಟು ಓದಿದ್ದೀರಿ?” ಎಂದರು. “ಎಲ್ಲಾನೂ,” ಎಂದೆ. ಅದಕ್ಕೆ ಸರ್ಟಿಫಿಕೇಟ್ ಇದೆಯೇ ಎಂದು ಕೇಳಿದರು. ಇಲ್ಲ.

ಹೋದ ವಾರ ಹೊಸ ಸಾರ್ ನೇಮಕವಾಗಿದ್ದಾರೆ. ಇನ್ನೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಹಳೆಯ ಬೋರ್ಡು ಇಳಿಸಿ ಹೊಸ ಹೆಸರು ಬರೆಸಬೇಕೇ ಎಂದು ಫೋನ್ ಮಾಡಿ ಕೇಳಿದೆ.

ಬೇಡವಂತೆ. ಇವರೂ ಮಾದೇಶರೇ.