ಚಕ್ರಕ್ಕೆ ಬಾಗಿಲು ಎಲ್ಲಿ?

ಐದನೇ ಕ್ಲಾಸಿನ ಬೆಂಚಿನಿಂದ ಎದ್ದು ಬಂದ ಮೇಲೆ ನಾನು ಮತ್ತೆ ಯಾವ ಬೆಂಚಿನ ಮೇಲೂ ಕೂತವನಲ್ಲ, ಬಸ್‌ಸ್ಟ್ಯಾಂಡಿನದೊಂದು ಬಿಟ್ಟು. ಇದನ್ನು ನಾಚಿಕೆಯಿಂದ ಹೇಳುತ್ತಿದ್ದೇನೆ ಎಂದು ಯಾರಾದರೂ ತಿಳಿದರೆ ಅದು ಅವರ ತಪ್ಪು. ಬಾರ್ಕೂರಿನಲ್ಲಿ ನನ್ನದೊಂದು ಎಣ್ಣೆ ಮಿಲ್ಲಿದೆ. ಸುತ್ತಲಿನವರ ಕೊಬ್ಬರಿಯೆಲ್ಲ ಎಣ್ಣೆಯಾಗುವುದು ಇಲ್ಲಿಯೇ. ಬಿ.ಎ. ಓದಿದವರ ತಲೆಯೂ ಎಂ.ಎ. ಓದಿದವರ ತಲೆಯೂ ಮಿನುಗುವುದು ನಾನು ಹಿಂಡಿ ಕೊಟ್ಟ ಎಣ್ಣೆಯಿಂದ. ಒಳಗೆ ಎಷ್ಟು ವಿದ್ಯೆ ಇದೆಯೋ ನನಗೆ ಗೊತ್ತಿಲ್ಲ; ಹೊರಗಿನ ಹೊಳಪಿಗೆ ಮಾತ್ರ ನಾನೇ ಜವಾಬ್ದಾರ.

ಇಂಥ ನನ್ನನ್ನು ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವರು ಫೇಲು ಮಾಡಿದರು. ಪರೀಕ್ಷೆಗೆ ಹೋದದ್ದು ನಾನಲ್ಲ, ನಾಲ್ಕನೇ ಕ್ಲಾಸಿಗೆ ಸೇರಬೇಕಾಗಿದ್ದ ಮಗಳು ಸ್ವಾತಿ. ಅವಳು ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಆಮೇಲೆ ಅವರು ನನ್ನ ಕಡೆ ತಿರುಗಿ, ತಂದೆ ಎಷ್ಟು ಓದಿದ್ದಾರೆ ಎಂದು ಕೇಳಿದರು. ಹೇಳಿದೆ. ಮನೆಯಲ್ಲಿ ಪಾಠ ಹೇಳಿಕೊಡುವವರು ಇಲ್ಲದಿದ್ದರೆ ಮಗುವಿಗೆ ಕಷ್ಟವಾಗುತ್ತದೆ, ಸೀಟು ಕೊಡುವುದು ಸಾಧ್ಯವಿಲ್ಲ ಎಂದರು. ಮನೆಯಲ್ಲೇ ಹೇಳಿಕೊಡುವುದಾದರೆ ನಿಮ್ಮ ಶಾಲೆ ಯಾಕೆ ಎಂದು ನಾನು ಕೇಳಿದೆ. ಪ್ರಶ್ನೆ ಸರಿಯಾಗಿಯೇ ಇತ್ತು. ಕೇಳಿದ ಸ್ವರ ಸ್ವಲ್ಪ ಮಿಲ್ಲಿನದಾಯಿತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಗಳಿಗೆ ನಾನೇ ಮನೆಯಲ್ಲಿ ಕಲಿಸುತ್ತೇನೆ ಎಂದು ಘೋಷಿಸಿ ಹೊರಗೆ ಬಂದೆ. ಊರಿನ ಕನ್ನಡ ಶಾಲೆಯಿಂದ ಟಿ.ಸಿ. ತರುವಾಗ ಊರೆಲ್ಲ ಡಂಗುರ ಹೊಡೆದವನು ನಾನೇ ಆದ್ದರಿಂದ, ತಿರುಗಿ ಅಲ್ಲಿಗೆ ಹೋಗುವ ದಾರಿಯೂ ಮುಚ್ಚಿತ್ತು.

ನನ್ನ ಹೆಂಡತಿ ಜಲಜ ಪಿಯುಸಿ ಪಾಸು. ಮನೆ ಸೇರಿದ ಮೇಲೆ ಕೆಲಸ ಹಂಚಿದಳು: ಲೆಕ್ಕ, ಕನ್ನಡ, ಇಂಗ್ಲಿಷ್ ಅವಳದು, ಇತಿಹಾಸ ನನ್ನದು. "ಬಾಯಿ ಇಪ್ಪುದ್ ನಿಮ್ಗೇ ಅಲ್ದಾ, ಅದ್ನ ನೀವೇ ಹೇಳಿ" ಎಂದಳು. ಪುಣೆಯಲ್ಲಿ ತನ್ನ ಮಕ್ಕಳಿಗೆ ತಾನೇ ಕಲಿಸುವ ಗೆಳತಿಯೊಬ್ಬಳಿಗೆ ಬರೆದು, ಒಂದು ಕಟ್ಟು ಜೆರಾಕ್ಸ್ ತರಿಸಿದಳು. ಇಂಗ್ಲಿಷಿನಲ್ಲಿದ್ದುದನ್ನೆಲ್ಲ ಸಂಜೆ ಕೂತು ಕನ್ನಡಕ್ಕಿಳಿಸಿ ನನ್ನ ಕೈಗಿಟ್ಟಳು. ಮೇಲಿನ ಹಾಳೆಯಲ್ಲಿ ಬಂಡಿಯ ಚಕ್ರದಂಥ ಚಿತ್ರ, ಅದರಲ್ಲಿ ನಾಲ್ಕು ಭಾಗ. ಕಲ್ಲಿನ ಕಾಲದಿಂದ ಹಳೆಯ ರಾಜರವರೆಗೆ ಒಂದು ವರ್ಷ, ನಡುಗಾಲ ಒಂದು ವರ್ಷ, ಹಡಗು ಹತ್ತಿ ಬಂದ ಪರದೇಶದ ವ್ಯಾಪಾರಿಗಳದ್ದು ಒಂದು, ಸ್ವಾತಂತ್ರ್ಯದ ಹೋರಾಟದಿಂದ ಈಚಿನದು ಒಂದು. ನಾಲ್ಕೂ ಮುಗಿದರೆ ಮತ್ತೆ ಅದೇ ಸುತ್ತು, ಈ ಸಲ ಇನ್ನಷ್ಟು ಆಳಕ್ಕೆ. ಕೆಳಗೊಂದು ಸಾಲು: ಎಲ್ಲಿಂದ ಬೇಕಾದರೂ ಶುರು ಮಾಡಬಹುದು.

ಈ 'ಎಲ್ಲಿಂದ ಬೇಕಾದರೂ' ಎನ್ನುವುದಿದೆಯಲ್ಲ, ಇದರಷ್ಟು ಉಪದ್ರವದ ಮಾತು ಮತ್ತೊಂದಿಲ್ಲ. ಸಾರಿಗೆ ಎಂತ ಹಾಕಲಿ ಎಂದು ಹೆಂಡತಿ ಕೇಳಿದಾಗ 'ಏನಾದರೂ ಹಾಕು' ಎಂದು ನೋಡಿ, ಗೊತ್ತಾಗುತ್ತದೆ. ಕೊಬ್ಬರಿ ತಂದವರೆಲ್ಲ ಸಲಹೆ ಕೊಡತೊಡಗಿದರು. ಸಾಸ್ತಾನದ ಶೀನಣ್ಣ ಹಿಂಡಿಯ ಚೀಲದ ಮೇಲೆ ಕೂತು ಹೇಳಿದ್ದು ಹೀಗೆ: "ಸ್ವಾತಂತ್ರ್ಯದಿಂದ ಸುರು ಮಾಡಿ ಮರ್ರೆ. ಅದ್ಕಿಂತ ಮುಂಚಿನವ್ರೆಲ್ಲ ಸತ್ತ್ ಹೋಯಿರ್, ಅವ್ರ ಸುದ್ದಿ ಎಂತಕೆ?" ನನ್ನ ಅಮ್ಮನಿಗೆ ಇದು ಸಮಸ್ಯೆಯಾಗಿಯೇ ಕಾಣಲಿಲ್ಲ. ಬಯಲಾಟಕ್ಕೆ ನಡುರಾತ್ರಿ ಹೋಗಿ ಕೂತರೂ ಕಥೆ ಗೊತ್ತಾಗುವುದಿಲ್ಲವೇ, ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳಿದರಾಯಿತು ಎಂದರು.

ನಾನು ಯಾರ ಮಾತು ಕೇಳುವವನೂ ಅಲ್ಲವಾದ್ದರಿಂದ ಕಲ್ಲಿನ ಕಾಲದಿಂದಲೇ ಹಿಡಿದೆ. ಪಾಠ ಕೈಕೆಲಸದಿಂದ ಬರಬೇಕೆಂಬುದು ನನ್ನ ನಂಬಿಕೆ. ಹೊಳೆಬದಿಯಿಂದ ಎರಡು ಕಲ್ಲು ತಂದು, ಮಿಲ್ಲಿನ ಹಿಂದೆ ತೆಂಗಿನ ಕತ್ತದ ಒಣ ನಾರಿನ ಗುಡ್ಡೆ ಮಾಡಿ, ಆದಿಮಾನವನಂತೆ ಕಿಡಿ ಹಾರಿಸಲು ಕೂತೆ. ಬೆಳಿಗ್ಗೆಯೆಲ್ಲ ಕುಟ್ಟಿದರೂ ಹಾರಿದ್ದು ನನ್ನ ಹೆಬ್ಬೆರಳಿನ ಚರ್ಮ ಮಾತ್ರ. ಮಗಳು ನೀರು ಕುಡಿಯಲು ಒಳಗೆ ಹೋದಾಗ ಬೆಂಕಿಕಡ್ಡಿ ಗೀರಿದೆ. ಇತಿಹಾಸ ಧಗ್ಗೆಂದು ಹೊತ್ತಿಕೊಂಡು, ಅಂಗಳದಲ್ಲಿ ಹರವಿದ್ದ ಶೀನಣ್ಣನ ಕೊಬ್ಬರಿಯ ಅಂಚಿಗೆ ನಾಲಗೆ ಚಾಚಿತು. ಅಮ್ಮ ಕೊಡಪಾನದ ನೀರು ಸುರಿಯದಿದ್ದರೆ ಆಧುನಿಕ ಕಾಲದ ನನ್ನ ಮಿಲ್ಲು ಅಂದೇ ಪ್ರಾಚೀನವಾಗುತ್ತಿತ್ತು.

ಸುದ್ದಿ ಕುಂದಾಪುರ ಮುಟ್ಟಿತು. ಅಲ್ಲಿ ಜಲಜನ ಅಣ್ಣ, ಅಂದರೆ ನನ್ನ ಭಾವ, ಹೈಸ್ಕೂಲು ಮಾಸ್ತರು. ಒಳ್ಳೆಯವರೇ. ಆದರೆ ಯಾರನ್ನು ಕಂಡರೂ ಕೆಂಪು ಪೆನ್ನು ಹಿಡಿದವರ ಹಾಗೆ ನೋಡುತ್ತಾರೆ. ಮರುದಿನವೇ ಬಂದು, ಚಾ ಮುಟ್ಟದೆ ಹೇಳಿದರು: "ಭಾವ, ಚೌತಿಗ್ ಬತ್ತೆ. ಹೆಣ್ಣಿಗ್ ನಾಲ್ಕ್ ಪ್ರಶ್ನಿ ಕೇಂತೆ. ಉತ್ತರ ಇಲ್ಲ ಅಂದ್ರೆ ನಾನೇ ಕರ್ಕಂಡ್ ಹೋತೆ. ನಮ್ಮನೆಯಗೇ ಇದ್ದ್ ಓದ್ಲಿ."

ಬರ್ಲಿ ಎಂದೆ. ಸ್ವಾತಿ ಮನೆಯಲ್ಲಿಲ್ಲದ ಸಂಜೆ ಹೇಗಿರುತ್ತದೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಅಂದು ಮಧ್ಯಾಹ್ನ ಅಂಗಳದಲ್ಲಿ ಕೂತಿದ್ದಾಗ ಅಪ್ಪನ ಕಾಲದ ಗಾಣದ ಒರಳು ಕಣ್ಣಿಗೆ ಬಿತ್ತು. ಈಗ ಅದು ಕರು ನೀರು ಕುಡಿಯುವ ಬಾನಿ. ಗಾಣ ತಿರುಗುವುದೂ ಚಕ್ರವೇ. ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಆದರೆ ಅಪ್ಪ ದಿನಾ ಎತ್ತನ್ನು ಹೂಡುತ್ತಿದ್ದದ್ದು ಒಂದೇ ಜಾಗದಲ್ಲಿ. ಶಾಸ್ತ್ರವಲ್ಲ, ಮುಹೂರ್ತವಲ್ಲ, ಗಾಣದ ಕೊಟ್ಟಿಗೆಯ ಬಾಗಿಲು ಇದ್ದದ್ದು ಆ ಬದಿಗೆ. ಎತ್ತು ಒಳಗೆ ಬಂದು ಎಲ್ಲಿ ನಿಂತಿತೋ ಅಲ್ಲೇ ನೊಗ. ಚಕ್ರಕ್ಕೆ ಶುರು ಇಲ್ಲದಿರಬಹುದು, ಬಾಗಿಲು ಇರುತ್ತದೆ. ನಾನು ಮಗಳನ್ನು ಕರೆದು ಆ ಒರಳಿನ ಮುಂದೆ ನಿಲ್ಲಿಸಿದೆ.

ಈ ಕಲ್ಲು ಕಡಿದವರು ಯಾರು, ತಂದದ್ದು ಎಲ್ಲಿಂದ, ಕರೆಂಟು ಬರುವ ಮೊದಲು ಊರಿನ ದೀಪಕ್ಕೆ ಎಣ್ಣೆ ಯಾರದು ಎಂದು ಅವಳು ಕೇಳತೊಡಗಿದಳು. ಅರ್ಧ ನಾನು ಹೇಳಿದೆ, ಅರ್ಧ ಅಮ್ಮ ಹೇಳಿದರು. ಅಲ್ಲಿಂದ ಗದ್ದೆಯಂಚಿನ ಶಾಸನದ ಕಲ್ಲಿನವರೆಗೆ ನಡೆದೆವು. ಹಿಂದೆ ಬಾರ್ಕೂರು ರಾಜಧಾನಿಯಾಗಿತ್ತಂತೆ; ಈಗ ಆ ಕಲ್ಲಿಗೆ ದನ ಬೆನ್ನು ತಿಕ್ಕುತ್ತವೆ. ಅದರ ಅಕ್ಷರ ನನಗೂ ಬರಲಿಲ್ಲ, ಮಗಳಿಗೂ ಬರಲಿಲ್ಲ. ಓದಿದವರಿಗೂ ಬರುವುದಿಲ್ಲ ಎಂದು ಸಮಾಧಾನ ಹೇಳಿದೆ. ಪಾಠ ಅಲ್ಲಿಗೆ ಮುಟ್ಟುವಷ್ಟರಲ್ಲಿ ಚೌತಿ ಬಂತು.

ಪೂಜೆ ಮುಗಿದದ್ದೇ ಭಾವ ಜಗಲಿಯಲ್ಲಿ ಕೂತು ಮಗಳನ್ನು ಕರೆದರು. ಮೌರ್ಯ ಸಾಮ್ರಾಜ್ಯದ ರಾಜಧಾನಿ ಯಾವುದು? ಗೊತ್ತಿಲ್ಲ. ಹರಪ್ಪ ಎಲ್ಲಿದೆ? ಗೊತ್ತಿಲ್ಲ. ಮೂರನೆಯದೂ ಗೊತ್ತಿಲ್ಲ. ಜಲಜ ಬಾಳೆಲೆ ಒರೆಸುವುದನ್ನು ನಿಲ್ಲಿಸಿದಳು. ನಾನು ಬಾಗಿಲ ಹಿಂದೆ ಎಣ್ಣೆ ಡಬ್ಬಿ ಹಿಡಿದು ನಿಂತಿದ್ದೆ. ಯಾಕೆ ಹಿಡಿದಿದ್ದೆನೋ, ಕೈಗೆ ಏನಾದರೂ ಬೇಕಿತ್ತು. ಭಾವ ಇನ್ನೇನು ಬಟ್ಟೆ ಕಟ್ಟು ಎನ್ನಬೇಕು, ಅಷ್ಟರಲ್ಲಿ ಸ್ವಾತಿಯೇ ಕೇಳಿದಳು.

"ಮಾವ, ಆ ಮೌರ್ಯರ್ ಬಪ್ಪುಕಿಂತ ಮುಂಚೆ ಅಲ್ಲಿ ಯಾರಿದ್ದಿರ್?"

ಭಾವ ಹೇಳಿದರು. ಅವರನ್ನು ಯಾಕೆ ಓಡಿಸಿದರು ಎಂದು ಕೇಳಿದಳು. ಅದನ್ನೂ ಹೇಳಿದರು. ಅವರ ದೀಪಕ್ಕೆ ಯಾವ ಎಣ್ಣೆ, ಅವರ ಕಲ್ಲಿನ ಅಕ್ಷರ ಈಗ ಓದುವವರು ಇದ್ದಾರಾ, ನಮ್ಮ ಗದ್ದೆಯ ಕಲ್ಲಿನದ್ದು ಓದುತ್ತಾರಾ? ಎಣ್ಣೆಯ ಪ್ರಶ್ನೆಗೆ ಭಾವ ಸ್ವಲ್ಪ ತಡವರಿಸಿದರು, ಉಳಿದದ್ದಕ್ಕೆ ಉಕ್ಕಿ ಹರಿದರು. ಮಾಸ್ತರರಿಗೆ ಕೇಳುವವರು ಸಿಕ್ಕರೆ ಮಳೆಗಾಲದ ಹೊಳೆಯೇ. ಯುದ್ಧ ಗೆದ್ದು ಆಮೇಲೆ ಅತ್ತ ರಾಜನೊಬ್ಬನ ಕಥೆಗೆ ಬರುವಷ್ಟರಲ್ಲಿ ಬಡಿಸಿದ ಅನ್ನ ಆರಿ, ಪಾಯಸದ ಮೇಲೆ ಕೆನೆ ಕಟ್ಟಿತ್ತು. ಅಮ್ಮ ಎರಡು ಸಲ ಕರೆದರೂ ಏಳಲಿಲ್ಲ.

ಕೊನೆಗೆ ಕೈ ತೊಳೆಯುತ್ತ ನನ್ನ ಮುಖ ನೋಡದೆ ಹೇಳಿದರು: "ಹೆಣ್ಣಿಗ್ ಉತ್ತರ ಒಂದೂ ಬತ್ತಿಲ್ಲೆ. ಕೇಂಬುದ್ ಮಾತ್ರ ಲಾಯ್ಕ್ ಮಾಡಿ ಬತ್ತ್. ಇಲ್ಲೇ ಇರ್ಲಿ. ಆದ್ರೆ ನಾಳೆಯಿಂದ ಊರ್ ಶಾಲಿಗ್ ಕಳ್ಸ್ಕ್. ಇಷ್ಟ್ ಪ್ರಶ್ನಿಗ್ ನೀವೊಬ್ರೇ ಸಾಕಾತ್ರಿಲ್ಲೆ, ಭಾವ."

ಇದನ್ನು ಸೋಲು ಎನ್ನುವವರಿದ್ದಾರೆ. ಜಲಜ ಅವರಲ್ಲೊಬ್ಬಳು. ಮಗಳು ಕುಂದಾಪುರಕ್ಕೆ ಹೋಗಲಿಲ್ಲ, ಆ ಇಂಗ್ಲಿಷ್ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ನನ್ನ ಲೆಕ್ಕದಲ್ಲಿ ಇದು ಗೆಲುವೇ. ಊರ ಶಾಲೆಯ ಟೀಚರು, ಇಷ್ಟು ದಿನದ ಪಾಠ ಹೋಗಿದೆ, ಎಲ್ಲಿಂದ ಶುರು ಮಾಡಿಸುವುದು ಎಂದು ತಲೆ ತುರಿಸಿಕೊಂಡಾಗ, ಬಾಗಿಲಿಂದ ಎಂದು ಹೇಳಿ ಎದೆ ಸೆಟೆಸಿಕೊಂಡು ಮಿಲ್ಲಿಗೆ ಬಂದೆ. ಅಂಗಳದಲ್ಲಿ ಕರು ಒರಳಿನಲ್ಲಿ ನೀರು ಕುಡಿಯುತ್ತಿತ್ತು. ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುವವರು ಇರಲಿಲ್ಲ. ಯುದ್ಧ ಗೆದ್ದ ರಾಜ ಯಾಕೆ ಅಳಬೇಕು ಎಂದು ಚೌತಿಯ ದಿನ ಬಾಗಿಲ ಹಿಂದೆ ನಿಂತಾಗ ನನಗೆ ತಿಳಿದಿರಲಿಲ್ಲ. ಮಿಲ್ಲಿನಲ್ಲಿ ಕೊಬ್ಬರಿ ಕಾಯುವ ಹೊಗೆ ಕಣ್ಣಿಗೆ ಹೋಗುವುದು ಮಾಮೂಲು. ಅಂದು ಮಿಷನ್ನು ಚಾಲೂ ಆಗುವ ಮೊದಲೇ ಹೋಯಿತು.

ಪುಣೆಯ ಆ ಚಕ್ರ ಈಗ ಮಿಲ್ಲಿನ ಗೋಡೆಯ ಮೇಲಿದೆ, ಎಣ್ಣೆ ಹೀರಿ ಹಿಂದಿನ ಗೋಡೆ ಕಾಣುವಷ್ಟು ತೆಳ್ಳಗಾಗಿದೆ. ಜಲಜನ ಕನ್ನಡದ ಹಾಳೆಗಳು ಹಿಂಡಿಯ ಚೀಲಗಳ ಮೇಲೆ. ಮಿಷನ್ನು ತಿರುಗುವಾಗ ಒಬ್ಬನೇ ಕೂತು ಓದುತ್ತೇನೆ, ಭಾವ ಊಟಕ್ಕೆ ಎದ್ದ ಜಾಗದಿಂದ ಮುಂದಕ್ಕೆ. ಮೊನ್ನೆ ಶೀನಣ್ಣ ಹಿಡಿದೇಬಿಟ್ಟ: "ಹ್ವಾಯ್, ಈ ಪ್ರಾಯದಗೆ ಎಂತ ಓದುದ್?" ಓದುತ್ತಿಲ್ಲ, ಮಗಳಿಗೆ ಶಾಲೆಯಲ್ಲಿ ಕಲಿಸುವುದರಲ್ಲಿ ತಪ್ಪೇನಾದರೂ ಇದೆಯಾ ಎಂದು ತಪಾಸಣೆ ಮಾಡುತ್ತಿದ್ದೇನೆ ಎಂದೆ. ಇಲ್ಲಿಯವರೆಗೆ ಒಂದೂ ಸಿಕ್ಕಿಲ್ಲ. ಚಕ್ರದ ಇನ್ನೂ ಎರಡು ಭಾಗ ಬಾಕಿ ಇದೆ, ನಾನು ಬಿಡುವವನಲ್ಲ.