ಕುರ್ಚಿ ಇಲ್ಲದ ನೌಕರಿ

ನನಗೆ ಕುರ್ಚಿ ಕಂಡರೆ ಆಗುವುದಿಲ್ಲ. ಕುಳಿತುಕೊಳ್ಳಲು ಬರುವುದಿಲ್ಲ ಎಂದಲ್ಲ. ಮದುವೆಗೆ ಹೋದರೆ ಫ್ಯಾನಿನ ಕೆಳಗಿನ ಕುರ್ಚಿಯನ್ನು ಎಲ್ಲರಿಗಿಂತ ಮೊದಲು ಹಿಡಿಯುವವಳು ನಾನೇ. ನನ್ನ ತಕರಾರು ನೌಕರಿಯ ಕುರ್ಚಿಯದು. ಶಹಾಬಾದಿನ ನಮ್ಮ ಮನೆಯಲ್ಲಿ ನೌಕರಿ ಎಂದರೆ ಕುರ್ಚಿ. ಯಾರಿಗೆ ಕೆಲಸ ಸಿಕ್ಕರೂ ನಮ್ಮ ಮಾವನವರು ಊರು ಯಾವುದು, ಪಗಾರ ಎಷ್ಟು ಎಂದು ಕೇಳುವುದಿಲ್ಲ. "ಕುರ್ಚಿ ಅದ ಏನು?" ಎಂದಷ್ಟೇ ಕೇಳುತ್ತಾರೆ. ಇಲ್ಲ ಎಂದರೆ "ಇರ್ಲಿ, ಮುಂದ ಚಲೋದು ಸಿಗ್ತದ" ಎಂದು ಸಾಂತ್ವನ ಹೇಳುತ್ತಾರೆ. ಅವರದೂ ತಪ್ಪಲ್ಲ. ಹದಿನೈದರ ವಯಸ್ಸಿನಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಉಳಿ ಸುತ್ತಿಗೆ ಹಿಡಿದವರು. ಮನೆಯಲ್ಲಿ ಒಬ್ಬರಾದರೂ ಕುರ್ಚಿಯ ಮೇಲೆ ಕುಳಿತು ಗಳಿಸಬೇಕೆಂಬುದು ಅವರ ಬಾಳಿನ ಆಸೆ. ಮೊದಲು ಆ ಆಸೆಯನ್ನು ಮಗನ ಮೇಲಿಟ್ಟಿದ್ದರು. ಮಗ, ಅಂದರೆ ನನ್ನ ಗಂಡ, ಗೂಡ್ಸ್ ಆಟೋ ಓಡಿಸುತ್ತಾರೆ. ಅದರಲ್ಲಿ ಸೀಟು ಇದೆಯಲ್ಲ ಎಂಬುದು ಅವರ ವಾದ. ಮಾವನವರು ಇಂದಿಗೂ ಅದನ್ನು ಕುರ್ಚಿ ಎಂದು ಒಪ್ಪಿಲ್ಲ.

ಹೀಗಾಗಿ ಮಗಳು ಹುಟ್ಟಿದ ಮೇಲೆ ನಾನು ನರ್ಸಿಂಗ್ ಓದುತ್ತೇನೆಂದಾಗ ಯಾರೂ ಬೇಡವೆನ್ನಲಿಲ್ಲ. ಆಸೆ ಸೊಸೆಯ ಮೇಲೆ ವರ್ಗವಾಯಿತು. ಅತ್ತೆಯವರು ಮೂರು ವರ್ಷ ಮಗಳನ್ನು ಸೊಂಟದ ಮೇಲೆ ಹೊತ್ತರು, ನಾನು ಪುಸ್ತಕ ಹೊತ್ತೆ, ಪಾಸೂ ಆದೆ. ಆದರೆ ನಿಮಗೊಂದು ನಿಜ ಹೇಳಬೇಕು. ಮಾರ್ಕ್ಸ್ ಕಾರ್ಡ್ ನೋಡಿದರೆ ನಾನು ನರ್ಸು, ಸೂಜಿ ಹಿಡಿದರೆ ಇನ್ನೂ ವಿದ್ಯಾರ್ಥಿನಿ. ನರ ಹಗ್ಗದಂತೆ ಎದ್ದು ಕಾಣುವ ಗಟ್ಟಿ ಗಂಡಸು ಸಿಕ್ಕರೆ ಸಲೈನ್ ಹಚ್ಚಿಬಿಡುತ್ತೇನೆ. ಬಡಕಲು ಮುದುಕಿ ಬಂದಳೋ, ನರ ಒಂದು ದಿಕ್ಕಿಗೆ, ನನ್ನ ಸೂಜಿ ಇನ್ನೊಂದು ದಿಕ್ಕಿಗೆ. ಮೊದಲ ನೌಕರಿಯಲ್ಲಿ ಕೈ ಪಳಗದಿದ್ದರೆ ಇನ್ನು ಪಳಗುವುದೇ ಇಲ್ಲ ಎಂಬ ಭಯ ನನಗೆ.

ಕೆಲಸ ಸಿಗುವಂತೆ ಕಂಡದ್ದು ಎರಡು ಕಡೆ. ಒಂದು, ಸೇಡಂ ಕಡೆಯ ಕಾರ್ಖಾನೆಯೊಂದರ ಪ್ರಥಮ ಚಿಕಿತ್ಸೆಯ ಕೋಣೆ. ಸಂದರ್ಶನಕ್ಕೆ ಮಾವನವರೂ ಇಸ್ತ್ರಿ ಮಾಡಿದ ಧೋತರ ಉಟ್ಟು ಹೊರಟರು. ವಾಡಿಯಲ್ಲಿ ಗಾಡಿ ಬದಲಿಸಿ ಹೋಗಿ ನೋಡಿದರೆ, ಅಲ್ಲಿತ್ತು ನೋಡಿ ಕುರ್ಚಿ. ಕಪ್ಪು ಬಣ್ಣದ್ದು, ಕೆಳಗೆ ಗಾಲಿ, ಮೇಲೆ ಕುಳಿತರೆ ಗರಗರ ತಿರುಗುವಂಥದ್ದು. ಮಾವನವರು ನನಗಿಂತ ಮೊದಲು ಕುಳಿತರು. ಒಂದು ಸುತ್ತು ತಿರುಗಿದರು. ಅಲ್ಲಿನ ಕ್ಲರ್ಕು ನಕ್ಕು, "ಯಜಮಾನ್ರ, ಇಂಟರ್ವ್ಯೂ ನಿಮ್ಮದೋ ಸೊಸೀದೋ?" ಎಂದ.

"ಇಲ್ಲಿ ಸಲೈನ್ ಹಚ್ಚೋದು ಇರ್ತದೇನ್ರಿ?" ಎಂದು ನಾನು ಕೇಳಿದೆ.

"ಅದೆಲ್ಲ ಇಲ್ರಿ ಮೇಡಂ. ತಲಿನೋವಿಗಿ ಗುಳಿಗಿ ಕೊಡ್ರಿ, ರಿಜಿಸ್ಟರದಾಗ ಬರಕೊಳ್ರಿ. ಜಾಸ್ತಿ ಏನರ ಆಯ್ತಂದ್ರ ಗಾಡಿ ಅದ, ದವಾಖಾನಿಗಿ ಕಳಸ್ತೀವಿ. ನೀವು ಆರಾಮ ಕುಂದ್ರಿ."

ಮಾವನವರ ಮುಖ ಅರಳಿತು. ನಾನು ಕೋಣೆಯಲ್ಲಿ ಸೂಜಿಯೇನಾದರೂ ಇದೆಯೇ ಎಂದು ಹುಡುಕಿದೆ.

ಎರಡನೆಯದು ನಮ್ಮೂರಿನದೇ ಆದ ಮೂವತ್ತು ಹಾಸಿಗೆಯ ಆಸ್ಪತ್ರೆ. ಪಗಾರ ಸ್ವಲ್ಪ ಕಡಿಮೆ. ಅಲ್ಲಿನ ಹಿರಿಯ ಸಿಸ್ಟರ್ ವಾರ್ಡು ತೋರಿಸುತ್ತ, "ಡ್ಯೂಟಿದಾಗ ಕುಂದ್ರಲಿಕ್ಕಿ ಟೈಮ್ ಸಿಗಂಗಿಲ್ಲ. ಈಗೇ ಹೇಳ್ತೀನಿ, ಆಮ್ಯಾಲ ಗೊಣಗಬ್ಯಾಡ" ಎಂದರು. ಸುತ್ತ ನೋಡಿದೆ. ಕುರ್ಚಿ ಒಂದೇ ಇತ್ತು, ಅದರ ಮೇಲೆ ಸಲೈನ್ ಬಾಟಲಿಯ ಡಬ್ಬ ಕುಳಿತಿತ್ತು. ಅಲ್ಲೇ ನಿರ್ಧಾರ ಮಾಡಿಬಿಟ್ಟೆ.

ಮನೆಯಲ್ಲಿ ಹೇಳಿದಾಗ ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದನ್ನು ನಿಲ್ಲಿಸಿದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯದ ಸೂಚನೆ ಬೇರೆ ಇಲ್ಲ.

"ದಿನಾ ನಿಂದರೋ ಕೆಲಸಕ್ಕ ಮೂರು ವರ್ಷ ಓದಬೇಕಿತ್ತೇನು? ಹಂಗಿದ್ರ ನಿನ್ನ ಮಗಳನ್ನ ನೀನೇ ನೋಡ್ಕೋ. ನಾ ಒಲ್ಲೆ."

ಇದು ಬರೀ ಮಾತಲ್ಲ. ಅವರು ಮಗಳನ್ನು ನೋಡಿಕೊಳ್ಳದಿದ್ದರೆ ನನ್ನ ನೌಕರಿ ಹೊಸ್ತಿಲು ದಾಟುವುದಿಲ್ಲ. ಗಂಡನ ಕಡೆ ನೋಡಿದೆ. ಅವರಿಗೆ ಅದೇ ಗಳಿಗೆಯಲ್ಲಿ ಆಟೋದ ಟೈರಿಗೆ ಗಾಳಿ ಹಾಕಿಸುವುದು ನೆನಪಾಯಿತು. ಆಗ ನನಗೂ ಸಿಟ್ಟು ಬಂತು. "ಕುಂತು ಉಣ್ಣೋರಿಗಿ ಕುಡಿಕಿ ಹೊನ್ನು ಸಾಲಂಗಿಲ್ಲ ಅಂತ ನೀವೇ ಅಂತಿರ್ತೀರಲ್ಲ ಅತ್ತಿ. ಈಗ ನಂಗ ಕುಂದ್ರು ಅಂತೀರಿ" ಎಂದೆ. ಆ ಗಾದೆಯನ್ನು ಅವರು ಪ್ರತಿ ಭಾನುವಾರ ಮಗನಿಗೆ ಹೇಳುವುದು. ನನ್ನಿಂದ ತಿರುಗಿ ಬರುತ್ತದೆಂದು ಎಣಿಸಿರಲಿಲ್ಲ.

ಮಾತು ಬೆಳೆಯುವ ಮುನ್ನ ಮಾವನವರ ಕಡೆ ತಿರುಗಿದೆ. "ಮಾವಾರ, ಕಲ್ಲು ಎಲ್ಲಿ ಸೀಳ್ತದ ಅಂತ ಬೆರಳಿಗೇ ತಿಳೀತದ ಅಂತೀರಲ್ಲ, ಅದು ಎಷ್ಟು ವರ್ಷಕ್ಕ ತಿಳೀತು?"

"ಮೂರು ನಾಕು ವರ್ಷ ಹಿಡೀತವ್ವ."

"ನನಗೂ ನರ ಎಲ್ಲದ ಅಂತ ಬೆರಳಿಗೇ ತಿಳೀಬೇಕು. ನೀವು ಅದನ್ನ ನಿಂತು ಕಲ್ತ್ರೋ, ಕುಂತು ಕಲ್ತ್ರೋ?" ಇದು ನನ್ನ ಬ್ರಹ್ಮಾಸ್ತ್ರವಾಗಿತ್ತು. ಗೆದ್ದೆನೆಂದು ಸೆರಗು ಸರಿಮಾಡಿಕೊಂಡೆ.

ಮಾವನವರು ನನ್ನನ್ನು ಕನಿಕರದಿಂದ ನೋಡಿದರು. "ಕುಂತು ಕಲ್ತೆ. ಕಲ್ಲು ಒಡಿಯೋರು ನಿಂತು ಒಡೀತಾರೇನವ್ವ? ಕುಕ್ಕರಗಾಲಿಲೆ ಕುಂದ್ರಬೇಕು."

ಅತ್ತೆಯವರು ಸೆರಗು ಬಾಯಿಗೆ ಒತ್ತಿಕೊಂಡರು. ಗಣಿಯ ಊರಿನ ಸೊಸೆಯಾಗಿ ಇಷ್ಟು ವರ್ಷವಾದರೂ ಕಲ್ಲು ಹೇಗೆ ಒಡೆಯುತ್ತಾರೆಂದು ನಾನು ಕಣ್ಣಿಟ್ಟು ನೋಡಿರಲಿಲ್ಲ. ಆದರೂ ಸೋಲಲಿಲ್ಲ, ಅಲ್ಲೇ ಕಂಬದ ಹಾಗೆ ನಿಂತೆ. ಮಾವನವರು ತಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಆದ್ರ ಕುರ್ಚಿ ಮ್ಯಾಲ ಕುಂತು ಕಲ್ತಿಲ್ಲ ಬಿಡು" ಎಂದರು. ಆಮೇಲೆ ಹೆಂಡತಿಗೆ, "ಹೋಗ್ಲಿ ಅಕಿ. ಕೈ ಕಲೀಲಿ" ಎಂದರು. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ಸ್ವಲ್ಪ ಜೋರಾಗಿಯೇ.

ಕೆಲಸಕ್ಕೆ ಸೇರಿದ ದಿನ ಅತ್ತೆಯವರು ಮಗಳ ಜಡೆ ಹಾಕುತ್ತ, ನನ್ನ ಮುಖ ನೋಡದೆ, "ಕಾಲು ಬಾತ್ರ ನನ್ನ ಮುಂದ ಅಳಬ್ಯಾಡ" ಎಂದರು. ಕಾಲು ಬಾತವು. ಅಳಲಿಲ್ಲ. ದಿನಾ ಸಂಜೆ ಬಂದರೆ ಅಂಗಳದಲ್ಲಿ ಅತ್ತೆಯವರು ನನಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಿದ್ದರು. "ನಂಗೇನ್ ಬ್ಯಾಡ" ಎಂದು ನಿಂತೇ ಚಹಾ ಕುಡಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕಾಲು ಚಾಚುತ್ತಿದ್ದೆ. ಹಟ ಎಂದರೆ ಹಟ.

ಕಳೆದ ವಾರ ದಂಡೋತಿಯಿಂದ ಒಬ್ಬ ಅಜ್ಜಿ ಬಂದಳು. ವಾಂತಿ ಭೇದಿಯಾಗಿ ಸೊರಗಿಹೋಗಿದ್ದಳು. ಮಂಚ ಹತ್ತಿಸಹೋದರೆ, "ಬಿದ್ದಗಿದ್ದೀನವ್ವ, ಇಲ್ಲೇ ಹಚ್ಚು" ಎಂದು ಗೋಡೆಗೊರಗಿ ಫರ್ಸಿ ನೆಲದ ಮೇಲೆ ಕುಳಿತುಬಿಟ್ಟಳು. ಕೈಯಲ್ಲಿ ನರವೇ ಕಾಣದು. ನಿಂತು ಬಗ್ಗಿ ಎರಡು ಸಲ ಚುಚ್ಚಿ ತಪ್ಪಿದೆ. ಅಜ್ಜಿ ಬೈಯಲೂ ಇಲ್ಲ, ಅದಕ್ಕೇ ಇನ್ನಷ್ಟು ಸಂಕಟವಾಯಿತು. ಮೂರನೆಯ ಸಲ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕಣ್ಣು ಮುಚ್ಚಿ, ಮೊಣಕೈ ಹತ್ತಿರ ಬೆರಳಾಡಿಸಿದೆ. ಚರ್ಮದ ಕೆಳಗೆ ಏನೋ ಮೆತ್ತಗೆ ಪುಟಿಯಿತು. ಸೂಜಿ ನೇರ ಹೋಯಿತು, ಸಲೈನ್ ಹನಿಯತೊಡಗಿತು. ನನ್ನ ಕಣ್ಣಲ್ಲಿ ನೀರು ಬಂತು. ಹಿರಿಯ ಸಿಸ್ಟರ್, "ಕೈ ಬಂತು ನೋಡು ನಿಂದು" ಎಂದರು.

ನರ ಸಿಕ್ಕ ಸುದ್ದಿಯನ್ನು ಅಂದೇ ಮನೆಯಲ್ಲಿ ಹೇಳಿದೆ. ಮಾವನವರು ಮೊಮ್ಮಗಳ ಕೈಗೆ ಸಕ್ಕರೆ ಕೊಟ್ಟು ಓಣಿಗೆಲ್ಲ ಹಂಚಿಸಿದರು. ಕುಕ್ಕರಗಾಲಿನಲ್ಲಿ ಕುಳಿತಾಗ ಸಿಕ್ಕಿತು ಎಂಬುದನ್ನು ಮಾತ್ರ ಹೇಳಿಲ್ಲ. ಹೇಳುವುದೂ ಇಲ್ಲ.