ಗುಡ್ಡದ ಮೇಲೆ ಆರಾಮದ ತಾಲೀಮು

ಸುಮ್ಮನೆ ಕೂಡುವುದು ನನಗೆ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ, ನನಗೆ ಇದು ಬರುವುದಿಲ್ಲ, ಅಷ್ಟೇ. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತವನು ಪಂಕ್ತಿಯ ನಡುವೆಯೇ ಎದ್ದು ಬಡಿಸುವವರಿಗೆ ದಾರಿ ಮಾಡಿಕೊಡುತ್ತೇನೆ. ದವಾಖಾನೆಗೆ ಹೋದರೆ ಯಾರ ಸರದಿ ಯಾರ ನಂತರ ಎಂದು ಉಳಿದ ರೋಗಿಗಳಿಗೆ ಹೇಳುತ್ತಾ ನಿಲ್ಲುತ್ತೇನೆ. ಒಮ್ಮೆ ಹೀಗೆ ಹೇಳುತ್ತಾ ನಿಂತಾಗ ನನ್ನ ಸರದಿಯೇ ಬಂದು ಹೋಗಿತ್ತು. ತಪ್ಪು ಪೂರ್ತಿ ನನ್ನದಲ್ಲ. ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, ಮೈಕಿನ ಮುಂದೆ ಆಯುಷ್ಯ ಕಳೆದವನು ನಾನು. ಹಾವೇರಿ ಬಸ್ಸು ಬಂತು, ಹಾನಗಲ್ ಬಸ್ಸು ಹೊರಟಿತು, ಶಿಗ್ಗಾಂವಿ ಬಸ್ಸು ಹಾದಿಯಲ್ಲಿ ಪಂಕ್ಚರ್ ಆಗಿ ನಿಂತಿದೆ, ಇದೇ ನನ್ನ ಉಸಿರಾಟ. ಸಂತೆಯ ದಿನ ಮೈಕು ಕೆಟ್ಟರೆ ಬರಿಯ ಬಾಯಿಂದಲೇ ಕೂಗುತ್ತೇನೆ. ಆಗ ಇನ್ನೂ ಚೆನ್ನಾಗಿ ಕೇಳಿಸುತ್ತದೆ ಎನ್ನುವವರೂ ಇದ್ದಾರೆ.

ಇಂಥ ನನಗೆ ನಿವೃತ್ತಿಗೆ ಇನ್ನೆರಡೇ ತಿಂಗಳು ಉಳಿದಿತ್ತು. ನನಗಿಂತ ಮೊದಲು ನಿವೃತ್ತನಾದ ಗೆಳೆಯನೊಬ್ಬ ಈಗಲೂ ದಿನಾಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಲ್ದಾಣಕ್ಕೆ ಬಂದು ಕಲ್ಲುಬೆಂಚಿನ ಮೇಲೆ ಕೂಡುತ್ತಾನೆ. ಕೇಳಿದವರಿಗೂ ಕೇಳದವರಿಗೂ ಹಳೆಯ ವೇಳೆಗಳನ್ನು ಹೇಳಿ ಬಸ್ಸು ತಪ್ಪಿಸುತ್ತಾನೆ. ಅವನನ್ನು ನೋಡಿದಾಗೆಲ್ಲ ಮುಂದೆ ನಾನೂ ಆ ಬೆಂಚಿಗೇ ಬರುವೆನೇನೋ ಎನಿಸುತ್ತಿತ್ತು. ಸವಣೂರಿನಲ್ಲಿ ಕಾಲೇಜು ಉಪನ್ಯಾಸಕಿಯಾಗಿರುವ ಮಗಳು ವಿದ್ಯಾ ಇದನ್ನು ಹೇಗೋ ಅರಿತಿದ್ದಳು. "ಅಪ್ಪಾ, ರಿಟೈರ್ ಆದ ಮ್ಯಾಲೆ ಮನ್ಯಾಗ ಹೆಂಗ ಕುಂದರ್ತಿ? ಮೊದಲ ಒಂದೀಟು ರೂಢಿ ಮಾಡ್ಕೋ. ಅವ್ವಗೂ ಆರಾಮ ಆಕ್ಕೈತಿ" ಎಂದವಳೇ ಸಹ್ಯಾದ್ರಿಯ ಗುಡ್ಡದ ಮೇಲಿನ ಐಷಾರಾಮಿ ವೆಲ್‌ನೆಸ್ ಹೋಟೆಲೊಂದರಲ್ಲಿ ನಮ್ಮಿಬ್ಬರಿಗೂ ಮೂರು ದಿನದ ಕೋಣೆ ಹಿಡಿದುಬಿಟ್ಟಳು.

ಅಲ್ಲಿ ಬಾಗಿಲಲ್ಲೇ ತುಳಸಿ ನೀರು ಕೊಟ್ಟು ನಮ್ಮ ಮೊಬೈಲುಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಸಿಕೊಂಡರು. ನಾನು ಹೂಂ ಎಂದೆ. ಆಮೇಲೆ ಸ್ವಾಗತದ ಹುಡುಗಿ ಬಹಳ ನಯವಾಗಿ, "ಸರ್, ವಾಚು ಕೂಡ" ಎಂದಳು. ಕೊಟ್ಟೆ. ಕೊಟ್ಟ ಕ್ಷಣದಿಂದ ಬೋಳು ಮಣಿಕಟ್ಟನ್ನು ನೋಡಿಕೊಳ್ಳುತ್ತಲೇ ಇದ್ದೆ. ಕೋಣೆಯಲ್ಲಿ ಗಡಿಯಾರವಿಲ್ಲ. ಕಿಟಕಿಯ ಹೊರಗೆ ಮಂಜು, ಆದ್ದರಿಂದ ಸೂರ್ಯನನ್ನು ನೋಡಿ ಹೊತ್ತು ಹೇಳುವಂತೆಯೂ ಇಲ್ಲ. ಊಟಕ್ಕೆ ಹೋದರೆ ಹರಿವಾಣದಂಥ ತಟ್ಟೆಯ ನಡುವೆ ರೂಪಾಯಿ ಬಿಲ್ಲೆಯಷ್ಟಗಲದ ಎರಡು ಸಜ್ಜೆ ರೊಟ್ಟಿ. ನನ್ನ ಹೆಂಡತಿ ನೀಲಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದನ್ನ ಗುಬ್ಬಿಗೆ ಬಡದಾರೇನ್ರೀ?" ಎಂದು ನಕ್ಕಳು. ನಕ್ಕಳು, ಆದರೆ ಆ ಜಾಗ ಅವಳಿಗೆ ಹಿಡಿಸಿತ್ತು. ಮೊದಲ ಬಸ್ಸು ಬಿಡುವ ಮೊದಲೇ ಎದ್ದು ನನ್ನ ಬುತ್ತಿ ಕಟ್ಟುವವಳು ಮರುದಿನ ಬೆಳಕು ಹರಿದರೂ ಮಲಗಿಯೇ ಇದ್ದಳು. ಬಿಸಿಲು ಬಂದ ಮೇಲೆ ಅವಳು ಮಲಗಿದ್ದನ್ನು ನಾನು ನೋಡಿದವನೇ ಅಲ್ಲ. ಗಾಬರಿಯಾಗಿ ಹಣೆ ಮುಟ್ಟಿದೆ. ಅವಳು ಒಂದೇ ಕಣ್ಣು ತೆರೆದಳು. "ಜ್ವರ ಇಲ್ಲ. ಸುಖ ಐತಿ. ಸುಮ್ನ ಇರ್ರಿ."

ಸುಮ್ಮನಿರಲು ನೋಡಿದೆ. ಅಂಗಳ ಸುತ್ತಿದೆ, ಎಣ್ಣೆ ತಿಕ್ಕಿಸಿಕೊಳ್ಳಲು ಕಾಯುತ್ತಿದ್ದವರನ್ನು ಬಂದ ಕ್ರಮದಲ್ಲಿ ಕೂಡಿಸಿದೆ, ಮಾಲಿಗೆ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ತೋರಿಸಿದೆ. ಮಧ್ಯಾಹ್ನದ ನಂತರ ಮೌನದ ಹೊತ್ತು. ಆ ಹೊತ್ತಿನಲ್ಲಿ ಇಡೀ ಹೋಟೆಲಿನಲ್ಲಿ ಯಾರೂ ಮಾತನಾಡುವಂತಿಲ್ಲ, ಆಳುಗಳೂ ಸಹ. ಗಾಜಿನ ಗೋಡೆಯ ಹಾಲಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕುಳಿತರು, ನೀಲಮ್ಮ ಎಲ್ಲರಿಗಿಂತ ಮುಂದೆ. "ಆಲೋಚನೆಗಳು ಬಂದರೆ ಬರಲಿ, ಹೋದರೆ ಹೋಗಲಿ" ಎಂದು ಹೇಳಿ ಧ್ಯಾನ ಕಲಿಸುವ ಗುರುಗಳೂ ಮೌನವಾದರು. ನನ್ನಲ್ಲಿ ಬಂದವು ಹೋಗಲಿಲ್ಲ, ಬರುವವು ನಿಲ್ಲಲಿಲ್ಲ. ಮೆಲ್ಲಗೆ ಎದ್ದು ಹೊರಬಿದ್ದೆ.

ಹೊರಗೆ, ಕಾಟೇಜುಗಳಿಗೆ ಹೋಗುವ ಇಕ್ಕಟ್ಟಾದ ದಾರಿಯ ತಿರುವಿನಲ್ಲಿ, ಎರಡು ಬ್ಯಾಟರಿ ಗಾಡಿಗಳು ಎದುರುಬದುರಾಗಿದ್ದವು. ಮೇಲೇರುತ್ತಿದ್ದ ಗಾಡಿಯಲ್ಲಿ ಒಬ್ಬ ಅಜ್ಜಿ, ಇಳಿಯುತ್ತಿದ್ದುದರಲ್ಲಿ ಟವೆಲಿನ ರಾಶಿ. ಮೌನದ ಹೊತ್ತಾದ್ದರಿಂದ ಇಬ್ಬರು ಡ್ರೈವರುಗಳೂ ಕೈಸನ್ನೆ, ಕಣ್ಸನ್ನೆಗಳಲ್ಲೇ ಜಗಳವಾಡುತ್ತಿದ್ದರು. ನಡುನಡುವೆ ನಮಸ್ಕಾರ ಬೇರೆ. ಅಷ್ಟರಲ್ಲಿ ಅಜ್ಜಿಯ ಗಾಡಿಯ ಹಿಂದಿನ ಗಾಲಿ ಪಾಚಿಯ ಮೇಲೆ ಜಾರಿ ಗಟಾರದ ಕಡೆ ಸರಿಯತೊಡಗಿತು. ಡ್ರೈವರನ ಲಕ್ಷ್ಯವೆಲ್ಲ ಸನ್ನೆಯಲ್ಲಿ. "ಏ ಹೋಲ್ಡಾನ್! ಬ್ರೇಕ್ ಹಿಡಿ! ಹಿಂದ ಗಟಾರ ಐತಿ!" ಎಂದು ನಾನು ಕೂಗಿದೆ. ಎದುರಿನ ಗುಡ್ಡ ಅದನ್ನು ಇನ್ನೆರಡು ಸಲ ಕೂಗಿತು. ಗಾಡಿ ನಿಂತಿತು, ಅಜ್ಜಿ ಉಳಿದಳು. ನಾನು ಅಲ್ಲಿಗೆ ಬಾಯಿ ಮುಚ್ಚಿದ್ದರೆ ಇಂದು ಹೇಳಲು ಏನೂ ಇರುತ್ತಿರಲಿಲ್ಲ. ಆದರೆ ತೆರೆದ ಬಾಯಿ! "ಟವೆಲ್ ಗಾಡಿ ಹಿಂದ ತಗೋ... ಬರ್ಲಿ, ಬರ್ಲಿ... ಈಗ ಅಜ್ಜೀದು ಬಿಡು... ರೈಟ್!"

ಟವೆಲ್ ಗಾಡಿಯ ಡ್ರೈವರ್, ನರೆಮೀಸೆಯವನು, ಮೌನವನ್ನೆಲ್ಲ ಮರೆತು ಕೆಳಗಿಳಿದು ಓಡಿಬಂದ. "ಹಿರೇಕೆರೂರು ಕಂಟ್ರೋಲರ್ ಸಾಹೇಬ್ರಲ್ರೀ? ಧ್ವನಿ ಕೇಳಿದ ಕೂಡ್ಲೇ ಗೊತ್ತಾತ್ರಿ! ನಾ ಹಿರೇಬೆಂಡಿಗೇರಿಯಾಂವ್ರಿ, ಮೊದಲ ಟೆಂಪೋ ಹೊಡೀತಿದ್ದೆ."

"ಹೌದೇನೋ! ನಮ್ಮ ನಿಲ್ದಾಣದ ಗೇಟಿಗೆ ಟೆಂಪೋ ಅಡ್ಡ ಹಚ್ಚಿ ಬೈಸ್ಕೋತಿದ್ದಾಂವ ನೀನೇನು?"

"ನಾನ ರೀ!" ಎಂದು ಅವನು ಹಿಗ್ಗಿದ.

ಇಬ್ಬರೂ ನಿಲ್ದಾಣದ ಧ್ವನಿಯಲ್ಲೇ ಊರಿನ ಸುದ್ದಿ ಆಡಿ ಮುಗಿಸಿದೆವು. ತಿರುಗಿ ನೋಡಿದರೆ, ಗಾಜಿನ ಗೋಡೆಯಾಚೆ ಧ್ಯಾನಕ್ಕೆ ಕುಳಿತವರ ಕಣ್ಣುಗಳೆಲ್ಲ ನಮ್ಮ ಮೇಲೆ. ಒಬ್ಬಳ ಕಣ್ಣು ಮಾತ್ರ ಮುಚ್ಚಿತ್ತು, ಬಿಗಿಯಾಗಿ. ನೀಲಮ್ಮನದು.

ಹೋಟೆಲಿನ ಮ್ಯಾನೇಜರ್ ಬಂದು, "ತುಂಬಾ ಉಪಕಾರ ಆಯ್ತು ಸರ್. ಆದ್ರೆ ಮೌನದ ಟೈಮಲ್ಲಿ ಸ್ವಲ್ಪ..." ಎಂದು ಕೈಮುಗಿದ. ಹೋಟೆಲಿನ ಮೌನದ ಹೊತ್ತು ಮುಗಿಯಿತು, ನನ್ನ ಹೆಂಡತಿಯದು ಮುಗಿಯಲಿಲ್ಲ. ಅಜ್ಜಿಯನ್ನು ಉಳಿಸಿದ ಕಥೆಯನ್ನು ಮೂರು ರೀತಿಯಲ್ಲಿ ಹೇಳಿ ನೋಡಿದೆ. ಅವಳು ಕಿಟಕಿಯ ಮಂಜನ್ನೇ ನೋಡುತ್ತಿದ್ದಳು. ನಾನು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗಾಡಿದೆ. ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಹೋಗಿ ಇಳಿಜಾರಿನ ಬೆಂಚಿನ ಮೇಲೆ ಕುಳಿತಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಕೊನೆಗೆ ಅವಳೇ ಮಾತು ತೆಗೆದಳು.

"ಇಷ್ಟ ವರ್ಷ ಎಲ್ಲಾರಿಗೂ ಅವರವರ ಬಸ್ಸು ಹೇಳೀರಿ. ನನ್ನ ಸಂಗಾಟ ಒಂದ ಬಸ್ಸಿನ್ಯಾಗ ಕುಂತು ಎಲ್ಲಿಗರ ಬಂದೀರೇನು?"

ಅವಳ ಅಕ್ಕ ಹಾನಗಲ್ಲಿನಲ್ಲಿದ್ದಾಳೆ. ನೀಲಮ್ಮ ಅಲ್ಲಿಗೆ ಹೊರಟಾಗೆಲ್ಲ ಕಿಟಕಿ ಪಕ್ಕದ ಸೀಟು ಹಿಡಿಸಿ, ಕಂಡಕ್ಟರನಿಗೆ ಹೇಳಿ, ಗಂಡನ ಕರ್ತವ್ಯ ಮುಗಿಯಿತೆಂದು ಓಡಿಹೋಗಿ ಮೈಕು ಹಿಡಿಯುತ್ತಿದ್ದೆ.

"ಹಾನಗಲ್ ಬಸ್ಸು ಹೊರಡ್ತೈತಿ ಅಂತ ಊರಿಗೆಲ್ಲಾ ಹೇಳ್ತಿದ್ರಿ. ನನಗ ಒಬ್ಬಾಕಿಗೆ, ಹೋಗಿ ಬಾ ಅಂತ ಅಂದೀರೇನು?"

ಅಂದಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಕೂಡಲೇಬೇಕಾಯಿತು, ಕುಳಿತೆ. "ನೀಲಾ, ಎರಡು ತಿಂಗಳಾದ ಮ್ಯಾಲೆ ಏನು ಮಾಡ್ಲಿ ಅಂತ ನನಗ ಹೆದರಿಕಿ ಆಗ್ಯೈತಿ" ಎಂದೆ. ಯಾರಿಗೂ ಹೇಳದ ಮಾತು ಅದು.

"ನನಗ ಗೊತ್ತಿಲ್ಲೇನು? ನನಗೂ ಹೆದರಿಕಿ ಐತಿ. ನೀವು ದಿನಾ ಮನ್ಯಾಗಿದ್ರ ನನ್ನ ಗತಿ ಏನಂತ." ಅವಳ ತುಟಿಯ ಅಂಚು ಸ್ವಲ್ಪ ಸಡಿಲಾಯಿತು. "ಈಗ ಅರ್ಧ ತಾಸು ಇಲ್ಲೇ ಕುಂದರ್ರಿ. ಬರೇ ಅರ್ಧ ತಾಸು."

ಕುಳಿತೆ. ಮಂಜು ಸರಿದು ಕೆಳಗಿನ ಕಣಿವೆ ಕಂಡಿತು. ಅವಳು ನನ್ನ ಎಡಭುಜಕ್ಕೆ ತಲೆ ಆನಿಸಿ ನಿದ್ದೆ ಹೋದಳು. ಕೆಳಗಿನ ತಿರುವಿನಲ್ಲಿ ಮತ್ತೆ ಎರಡು ಗಾಡಿಗಳು ಎದುರಾದವು. ಹಿರೇಬೆಂಡಿಗೇರಿಯವನು ಕತ್ತೆತ್ತಿ ನನ್ನನ್ನು ನೋಡಿ, ಯಾವುದನ್ನು ಮೊದಲು ಬಿಡಲಿ ಎಂದು ಕೈಯಲ್ಲೇ ಕೇಳಿದ. ನಾನು ಹಲ್ಲು ಕಚ್ಚಿ ಕಣ್ಣು ಮುಚ್ಚಿದೆ. ಅವಳು ಎಚ್ಚರಾಗಿ, "ಎಷ್ಟು ಹೊತ್ತಾತ್ರಿ?" ಎಂದಾಗ, "ಗೊತ್ತಿಲ್ಲ" ಎಂದೆ. ಆ ಮಾತು ನನ್ನ ಬಾಯಿಗೇ ಹೊಸದಾಗಿತ್ತು.

ಊರಿಗೆ ಬಂದ ಮೇಲೆ ನೀಲಮ್ಮ ಮಗಳಿಗೆ ಫೋನಿನಲ್ಲಿ, "ನಿಮ್ಮಪ್ಪ ಕಡೀ ದಿನ ಕಲ್ಲಿನ ಬಸವಣ್ಣನಂಗ ಕುಂತಿದ್ರು ನೋಡು" ಎಂದು ಹೇಳಿದಳು. ಅಳಿಯ ನಾನು ಯಾವ ಧ್ಯಾನ ಮಾಡಿದೆ ಎಂದು ವಿಚಾರಿಸಿದ. ನಾನೂ ಗಂಭೀರವಾಗಿ ಉಸಿರಾಟದ ಬಗ್ಗೆ ಏನೋ ಹೇಳಿದೆ. ನಿಮ್ಮ ಮುಂದೆ ಸುಳ್ಳೇಕೆ? ಆ ಅರ್ಧ ತಾಸು ನನ್ನ ಕಾಲ ಹೆಬ್ಬೆರಳು ಚಪ್ಪಲಿಯೊಳಗೆ ತಾಳ ಹಾಕುತ್ತಲೇ ಇತ್ತು, ತಲೆಯೊಳಗೆ ಆ ಹೋಟೆಲಿನ ಗಾಡಿಗಳಿಗೆಲ್ಲ ಒಂದು ವೇಳಾಪಟ್ಟಿ ತಯಾರಾಗಿತ್ತು. ಮೂರು ದಿನಗಳಲ್ಲಿ ನನ್ನ ಮೈಯಲ್ಲಿ ಪೂರ್ತಿ ವಿಶ್ರಾಂತಿ ಪಡೆದದ್ದು ಅವಳ ತಲೆಯ ಭಾರ ಹೊತ್ತ ಎಡಗೈ ಒಂದೇ. ಅದರ ಜೋಮು ಬಿಡಿಸಲು ಕೋಣೆಗೆ ಬಂದ ಮೇಲೂ ಬಹಳ ಹೊತ್ತು ತಿಕ್ಕಬೇಕಾಯಿತು.